ಪಾಠ ಹೇಳುವ ಬಗೆಯೂ ಪರೀಕ್ಷಿಸುವ ಬಗೆಯೂ

(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಮಠದ ಮಹೋತ್ಸವವೆಂದ ಮೇಲೆ ಅನ್ನದಾನ ವಿದ್ಯಾದಾನಗಳ ಗುಣಗಾನವು ನಡೆಯತಕ್ಕದ್ದೇ ಸರಿ. ಆದರೆ ವಿದ್ಯಾದಾನವೆಂಬ ಮಾತಿನ ಅರ್ಥವು ಎಷ್ಟರವರೆಗೆ ಹೋಗುವುದೆಂಬುದನ್ನು ಈ ಸಂದರ್ಭದಲ್ಲಿ ಕೊಂಚ ವಿಚಾರಿಸುವುದು ಅಯೋಗ್ಯವಾಗಲಾರದು. ಮಳೆಯಾಶ್ರಯದ ಹಳ್ಳಿಯೊಂದರಿಂದ ಒಬ್ಬ ಒಕ್ಕಲಿಗನ ಮಗನು ಬರುವನು. ಮಠದ ಪ್ರಸಾದನಿಲಯವು ಅವನಿಗೆ ಅನ್ನವನ್ನೂ ಮಲಗುವ ಸ್ಥಳವನ್ನೂ ಕೊಟ್ಟು, ಕಾಲೇಜಿನ ಬಾಗಿಲವರೆಗೆ ಕೈಹಿಡಿದು ನಡೆಸಿಕೊಂಡು ಹೋಗುವುದು. ಆ ಬಾಗಿಲಿನ ಒಳಗೆ ಮೂರು ವರ್ಷಗಳ ಕಾಲ ಅವನಿಗೆ ಏನು ಕಲಿಸಿದರು, ಹೇಗೆ ಕಲಿಸಿದರು, ಅವನು ಕಲಿತನೆಂದು ಯಾರು ಯಾವ ಪ್ರಮಾಣದಿಂದ ನಿರ್ಣಯಿಸಿದರು ಎಂಬುದನ್ನು ಮಾತ್ರ ಕೇಳುವವರು ವಿರಳ. ಅವನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೇ ಮೊದಲಿಗನು. ಅನುತ್ತೀರ್ಣನಾದನೆಂಬ ಒಂದು ಶಬ್ದವು ಅವನನ್ನು ತಿರುಗಿ ಹೊಲಕ್ಕೆ ಅಟ್ಟುವುದು. ಅದರೊಡನೆ ಅವನ ತಂಗಿಯ ಓದೂ ನಿಲ್ಲುವುದು. ಆ ಶಬ್ದವನ್ನು ಬರೆಯುವ ಕೈಯು ಸ್ಥಿರವಾದುದೋ ನಡುಗುವಂಥದೋ ಎಂಬ ಪ್ರಶ್ನೆಯು ಈ ಕಾರಣದಿಂದ ಪಂಡಿತರ ಕಾಲಕ್ಷೇಪಕ್ಕೆ ಬಿಡತಕ್ಕ ಪ್ರಶ್ನೆಯಲ್ಲ.

ಮೊದಲು ಈ ಪದ್ಧತಿಯ ಹುಟ್ಟನ್ನು ನೋಡತಕ್ಕದ್ದು. ೧೮೫೭ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ಮೂರು ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದವು. ಅವುಗಳಿಗೆ ಮೇಲ್ಪಂಕ್ತಿಯಾದುದು ಆಗಿನ ಲಂಡನ್ ವಿಶ್ವವಿದ್ಯಾನಿಲಯ. ಅದಾದರೋ ಆ ಕಾಲದಲ್ಲಿ ಪಾಠ ಹೇಳುವ ಸ್ಥಾನವಾಗಿರದೆ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಯಾಗಿದ್ದಿತು. ಅದರಂತೆಯೇ ಇಲ್ಲಿಯೂ ಕಲಿಸುವ ಕೆಲಸವು ದೂರದೂರದ ಕಾಲೇಜುಗಳಿಗೆ ಬಿದ್ದಿತು, ಅಳೆಯುವ ಕೆಲಸವು ವಿಶ್ವವಿದ್ಯಾನಿಲಯದ ಕಚೇರಿಗೆ ಸೇರಿತು. ಕಲಿಸಿದವನು ಅಳೆಯುವಂತಿಲ್ಲ, ಅಳೆಯುವವನಿಗೆ ಕಲಿಸಿದುದರ ಗುರುತಿಲ್ಲ. ೧೮೫೮ರಲ್ಲಿ ಕಲಕತ್ತೆಯಲ್ಲಿ ನಡೆದ ಮೊಟ್ಟಮೊದಲನೆಯ ಬಿ.ಎ. ಪರೀಕ್ಷೆಯಲ್ಲಿ ಗೆದ್ದವರು ಇಬ್ಬರೇ. ಅವರಾದರೂ ಒಂದು ವಿಷಯದಲ್ಲಿ ಕಡಮೆ ಬಿದ್ದುದನ್ನು ಕೃಪಾಂಕಗಳಿಂದ ತುಂಬಿಸಿಕೊಂಡು ಗೆದ್ದವರು. ಆ ಇಬ್ಬರಲ್ಲಿ ಒಬ್ಬರ ಹೆಸರು ಬಂಕಿಮಚಂದ್ರ ಚಟ್ಟೋಪಾಧ್ಯಾಯ. ವಂಗಸಾಹಿತ್ಯಕ್ಕೆ ಹೊಸ ಯುಗವನ್ನು ತಂದ ಮಹಾಶಯನಿಗೆ ವಿಶ್ವವಿದ್ಯಾನಿಲಯವು ಕೆಲವು ಅಂಕಗಳನ್ನು ಭಿಕ್ಷೆಯಾಗಿ ಇಕ್ಕಬೇಕಾಯಿತು! ಆ ದಿನ ಆ ಕೃಪೆಯು ಇಲ್ಲದಿದ್ದರೆ ಬಂಕಿಮರ ಪ್ರತಿಭೆಯೇನೂ ಕುಂದುತ್ತಿರಲಿಲ್ಲ. ಅಳತೆಗೋಲಿನ ಮರ್ಯಾದೆಯು ಕುಂದುತ್ತಿದ್ದಿತು.

ಕನ್ನಡನಾಡಿನಲ್ಲಿ ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವೂ ಹುಟ್ಟಿದವು. ಹಿಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಡಾಕ್ಟರ್ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಭಾರತ ಸರ್ಕಾರವು ೧೯೪೮ರಲ್ಲಿ ಒಂದು ಆಯೋಗವನ್ನು ನೇಮಿಸಿತು. ಅದು ಮರುವರ್ಷ ಒಪ್ಪಿಸಿದ ವರದಿಯಲ್ಲಿ, ವಿಶ್ವವಿದ್ಯಾನಿಲಯದ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾದರೆ ಅದು ಪರೀಕ್ಷೆಗಳ ಸುಧಾರಣೆಯೇ ಆಗಬೇಕೆಂಬ ಅಭಿಪ್ರಾಯವು ಬಂದಿದೆ. ಆ ಮೇಲೆ ಮುಕ್ಕಾಲು ಶತಮಾನವು ಕಳೆದಿರುವುದು.

ಪರೀಕ್ಷಕನ ಕೈ ಎಷ್ಟು ನಡುಗುವುದೆಂಬುದನ್ನು ಲೆಕ್ಕಹಾಕಿ ತೋರಿಸಿದವರಲ್ಲಿ ಸರ್ ಫಿಲಿಪ್ ಹಾರ್ಟಾಗ್ ಎಂಬವರನ್ನು ಮುಖ್ಯವಾಗಿ ಸ್ಮರಿಸಬೇಕು. ಇವರು ಭರತಖಂಡಕ್ಕೆ ಅಪರಿಚಿತರಲ್ಲ. ೧೯೧೭ರಲ್ಲಿ ನೇಮಕವಾದ ಕಲಕತ್ತೆ ವಿಶ್ವವಿದ್ಯಾನಿಲಯದ ಆಯೋಗದಲ್ಲಿ ಸದಸ್ಯರಾಗಿದ್ದರು. ಬಳಿಕ ಢಾಕಾ ವಿಶ್ವವಿದ್ಯಾನಿಲಯದ ಮೊದಲನೆಯ ಉಪಕುಲಪತಿಗಳಾದರು. ಸ್ವದೇಶಕ್ಕೆ ಹಿಂದಿರುಗಿದ ಮೇಲೆ ರೋಡ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರೊಡನೆ ಕೂಡಿ ೧೯೩೫ರಲ್ಲಿ ಪರೀಕ್ಷೆಗಳನ್ನೇ ಪರೀಕ್ಷಿಸುವ ಒಂದು ಚಿಕ್ಕ ಗ್ರಂಥವನ್ನು ಹೊರಡಿಸಿದರು. ಅವರು ಮಾಡಿದುದು ಇಷ್ಟು: ಇತಿಹಾಸ ವಿಷಯದ ೧೫ ಉತ್ತರಪತ್ರಿಕೆಗಳನ್ನು ಆರಿಸಿಕೊಂಡರು. ಪರೀಕ್ಷಾಮಂಡಲಿಯು ಆ ಹದಿನೈದಕ್ಕೂ ಒಂದೇ ಸಮನಾದ ಮಧ್ಯಮ ತರದ ಅಂಕವನ್ನು ಕೊಟ್ಟಿದ್ದಿತು. ಅವನ್ನು ಅನುಭವಶಾಲಿಗಳಾದ ೧೫ ಮಂದಿ ಪರೀಕ್ಷಕರ ಮುಂದಿಟ್ಟರು. ಬಂದ ಅಂಕಗಳು ೨೧ರಿಂದ ೭೦ರವರೆಗೆ ಹಬ್ಬಿದವು. ಇದು ಬೇರೆ ಬೇರೆ ಜನರ ಮತಭೇದವೆಂದು ಸಮಾಧಾನ ತಾಳಬಹುದಾಗಿದ್ದಿತು. ಆದರೆ ಅವರು ಅಲ್ಲಿಗೇ ಬಿಡಲಿಲ್ಲ. ಒಂದು ವರ್ಷಕ್ಕೂ ಮೀರಿದ ಕಾಲವು ಕಳೆದ ಮೇಲೆ, ಅದೇ ಪತ್ರಿಕೆಗಳನ್ನು ಅವರಲ್ಲಿಯೇ ೧೪ ಮಂದಿಗೆ ಎರಡನೆಯ ಸಲ ಕೊಟ್ಟರು.  ಹದಿನಾಲ್ಕು ಮಂದಿಯ ಹದಿನೈದು ತೀರ್ಪುಗಳೆಂದರೆ ೨೧೦ ತೀರ್ಪುಗಳಾದವು. ಅವುಗಳಲ್ಲಿ ೯೨ ತೀರ್ಪುಗಳು ಬದಲಾಗಿಬಿಟ್ಟವು! ಮೊದಲು ಗೆದ್ದವನೆಂದು ಬರೆದವನನ್ನು ಸೋತವನೆಂದೂ, ಸೋತವನೆಂದವನನ್ನು ಗೆದ್ದವನೆಂದೂ, ಅದೇ ಕೈ, ಅದೇ ಕಣ್ಣು, ಅದೇ ಪತ್ರಿಕೆಯ ಮೇಲೆ ಬರೆಯಿತು.

ಇದು ಇತಿಹಾಸದಂಥ ವಿಷಯದ ದೋಷ, ಗಣಿತದಲ್ಲಿ ಹೀಗಾಗದು ಎನ್ನುವವರುಂಟು. ಅಮೇರಿಕಾ ದೇಶದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬವರು ಅದಕ್ಕೂ ಮೊದಲೇ, ೧೯೧೩ರಲ್ಲಿ, ರೇಖಾಗಣಿತದ ಒಂದೇ ಉತ್ತರಪತ್ರಿಕೆಯ ಪ್ರತಿಗಳನ್ನು ನೂರಕ್ಕೂ ಹೆಚ್ಚು ಅಧ್ಯಾಪಕರಿಗೆ ಕಳುಹಿಸಿ ನೋಡಿದ್ದರು. ಒಬ್ಬರು ಮೂವತ್ತಕ್ಕೂ ಕಡಮೆ ಕೊಟ್ಟರೆ ಮತ್ತೊಬ್ಬರು ತೊಂಬತ್ತನ್ನು ಮೀರಿಸಿದರು. ಒಬ್ಬನು ಉತ್ತರದ ಸಂಖ್ಯೆಯನ್ನು ಮಾತ್ರ ನೋಡುವನು, ಇನ್ನೊಬ್ಬನು ಸಾಧಿಸಿದ ಕ್ರಮವನ್ನು ನೋಡುವನು, ಮೂರನೆಯವನು ಅಕ್ಷರದ ಅಂದವನ್ನೂ ನೋಡುವನು. ಏನನ್ನು ನೋಡಬೇಕೆಂದು ಮೊದಲೇ ಗೊತ್ತುಮಾಡದಿದ್ದಲ್ಲಿ ಗಣಿತವೂ ರಕ್ಷಿಸಲಾರದು.

ಇಷ್ಟನ್ನು ಕೇಳಿದೊಡನೆ, ಪ್ರಾಚೀನ ಪಾಠಶಾಲೆಗಳ ಪದ್ಧತಿಯೇ ಲೇಸೆಂದು ತೀರ್ಮಾನಿಸಿಬಿಡುವ ಆತುರವು ಮಠದ ಆವರಣದಲ್ಲಿ ಹುಟ್ಟುವುದು ಸಹಜ. ಆ ಪದ್ಧತಿಯಲ್ಲಿ ಮೆಚ್ಚತಕ್ಕ ಅಂಶಗಳಿದ್ದವು, ನಿಜ. ಮಿಥಿಲೆಯ ನ್ಯಾಯಶಾಸ್ತ್ರದ ಶಾಲೆಗಳಲ್ಲಿ ಶಲಾಕಾಪರೀಕ್ಷೆಯೆಂಬುದೊಂದು ನಡೆಯುತ್ತಿದ್ದಿತು. ಓಲೆಯ ಕಟ್ಟಿನ ಮೇಲೆ ಸೂಜಿಯನ್ನು ಚುಚ್ಚುವರು. ಅದರ ಮೊನೆಯು ಯಾವ ಗರಿಯವರೆಗೆ ಇಳಿಯಿತೋ ಆ ಗರಿಯ ವಿಷಯವನ್ನು ವಿದ್ಯಾರ್ಥಿಯು ವಿವರಿಸಬೇಕು. ಇಂಥ ಪ್ರಶ್ನೆ ಬರುವುದೆಂದು ಊಹಿಸಿ ಓದುವ ಜಾಣತನಕ್ಕೆ ಅಲ್ಲಿ ಎಡೆಯೇ ಇಲ್ಲ. ನವದ್ವೀಪದ ವಾಸುದೇವ ಸಾರ್ವಭೌಮರು ಈ ಪರೀಕ್ಷೆಯಲ್ಲಿ ಗೆದ್ದೇ ಆ ಬಿರುದನ್ನು ಪಡೆದರೆಂದೂ, ಗ್ರಂಥದ ಪ್ರತಿಯನ್ನು ಮಿಥಿಲೆಯಿಂದ ಹೊರಗೆ ಒಯ್ಯಗೊಡದಿದ್ದುದರಿಂದ ತತ್ತ್ವಚಿಂತಾಮಣಿಯನ್ನು ಕಂಠದಲ್ಲಿಯೇ ಹೊತ್ತು ತಂದರೆಂದೂ ಐತಿಹ್ಯವುಂಟು. ಇನ್ನು ವಾಕ್ಯಾರ್ಥಸಭೆಯಲ್ಲಿ ಪೂರ್ವಪಕ್ಷವನ್ನು ಎದುರಾಳಿಯೇ ಮೆಚ್ಚುವಂತೆ ಹೇಳಿ ತೋರಿಸದವನಿಗೆ ಸಿದ್ಧಾಂತವನ್ನು ಹೇಳುವ ಅಧಿಕಾರವಿಲ್ಲ. ಶರಣರ ಪರಂಪರೆಯಲ್ಲಿಯೂ ಪ್ರಶ್ನೋತ್ತರವೇ ಒರೆಗಲ್ಲು. ಶೂನ್ಯಸಂಪಾದನೆಯನ್ನು ಓದಿದವರಿಗೆ, ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಎಷ್ಟು ನಿಷ್ಠುರವಾಗಿ ಪ್ರಶ್ನಿಸುವರೆಂಬುದು ಗೊತ್ತಿರುವ ಸಂಗತಿ. ಅಲ್ಲಿ ಒಂದು ಉತ್ತರದಿಂದಲೇ ಮುಂದಿನ ಪ್ರಶ್ನೆಯು ಹುಟ್ಟುವುದು. ಅಚ್ಚಾದ ಪ್ರಶ್ನಪತ್ರಿಕೆಗೆ ಈ ಶಕ್ತಿಯಿಲ್ಲ.

ಆದರೂ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಹಳೆಯ ಪಾಠಶಾಲೆಗಳ ಬಾಗಿಲು ಕೆಲವರಿಗಷ್ಟೇ ತೆರೆದಿದ್ದಿತು. ಹತ್ತು ಹನ್ನೆರಡು ಶಿಷ್ಯರಿದ್ದಲ್ಲಿ ಮುಖಾಮುಖಿಯ ಪರೀಕ್ಷೆಯು ಸಾಧ್ಯ. ಅದೇ ಪದ್ಧತಿಯಲ್ಲಿ ಗುರುವಿನ ಪಕ್ಷಪಾತಕ್ಕೂ, ಮನೆತನದ ಮುಖದಾಕ್ಷಿಣ್ಯಕ್ಕೂ ತಡೆಯಿಲ್ಲ. ಲಿಖಿತ ಪರೀಕ್ಷೆಯಲ್ಲಿ ವಿದ್ಯಾರ್ಥಿಯ ಹೆಸರಿಲ್ಲ, ಕುಲವಿಲ್ಲ, ಊರಿಲ್ಲ. ಒಂದು ಸಂಖ್ಯೆ ಮಾತ್ರವುಂಟು. ಕುಲವನ್ನು ಕೇಳದೆ ಅಳೆಯುವ ಸಾಧನವೊಂದು ಈ ನಾಡಿಗೆ ಬಂದುದು ಅಲ್ಪ ಲಾಭವಲ್ಲ. ಬಡವರ ಮಕ್ಕಳು ಎಷ್ಟೋ ಸಾವಿರ ಮಂದಿ ಆ ಸಂಖ್ಯೆಯ ಆಶ್ರಯದಿಂದಲೇ ಮೇಲಕ್ಕೆ ಬಂದಿರುವರು. ಆದಕಾರಣ ಲಿಖಿತ ಪರೀಕ್ಷೆಯನ್ನು ಕಿತ್ತೊಗೆಯಬೇಕೆಂಬ ಮಾತು ಉಣ್ಣುವ ತಳಿಗೆಯನ್ನೇ ಒದೆದಂತೆ. ಅದನ್ನು ಅದರ ಮಿತಿಯಲ್ಲಿರಿಸಿ ದೋಷಗಳನ್ನು ತಿದ್ದುವುದೇ ವಿವೇಕ.

ಮಿತಿ ಮೀರಿದರೆ ಏನಾಗುವುದೆಂಬುದಕ್ಕೆ ಕೇಂಬ್ರಿಜ್ ವಿಶ್ವವಿದ್ಯಾನಿಲಯವೇ ದೃಷ್ಟಾಂತ. ಅಲ್ಲಿಯ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಪ್ರಥಮವರ್ಗದವರಿಗೆ ರ್‍ಯಾಂಗ್ಲರ್ ಎಂದು ಹೆಸರು. ೧೮೯೯ರಲ್ಲಿ ರಘುನಾಥ ಪರಾಂಜಪೆಯವರು ಮೊದಲನೆಯ ಸ್ಥಾನವನ್ನು ಗಳಿಸಿದ ಪ್ರಥಮ ಭಾರತೀಯರಾದರು. ಕರ್ನಾಟಕ ವಿಶ್ವವಿದ್ಯಾನಿಲಯವನ್ನು ೧೯೫೪ರಿಂದ ೧೯೬೭ರವರೆಗೆ ಉಪಕುಲಪತಿಗಳಾಗಿ ಬೆಳೆಸಿದ ಡಿ. ಸಿ. ಪಾವಟೆಯವರೂ ರ್‍ಯಾಂಗ್ಲರ್ ಆಗಿದ್ದವರು. ಪರೀಕ್ಷೆಯ ಕೀರ್ತಿಯು ಅಷ್ಟು ದೊಡ್ಡದು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಉಪನ್ಯಾಸಗಳನ್ನು ಬಿಟ್ಟು, ಹಣ ಕೊಟ್ಟು ಖಾಸಗಿ ಬೋಧಕರ ಬಳಿಯಲ್ಲಿ ಪ್ರಶ್ನೆಗಳನ್ನು ವೇಗವಾಗಿ ಬಿಡಿಸುವ ಕೈಚಳಕವನ್ನು ಕಲಿಯುತ್ತಿದ್ದರು. ರಾಮಾನುಜನ್ನರಿಗೆ ಆಶ್ರಯವಿತ್ತ ಹಾರ್ಡಿಯವರು ತಾವೇ ಆ ಪರೀಕ್ಷೆಯಲ್ಲಿ ನಾಲ್ಕನೆಯವರಾಗಿ ಗೆದ್ದಿದ್ದರೂ ಅದು ಗಣಿತವನ್ನೇ ಕೆಡಿಸುವುದೆಂದು ಬಗೆದು ಅದರ ವಿರುದ್ಧವಾಗಿ ಹೋರಾಡಿದರು. ೧೯೦೯ರ ತರುವಾಯ ಅಲ್ಲಿ ಸ್ಥಾನಕ್ರಮದ ಪಟ್ಟಿಯನ್ನು ಪ್ರಕಟಿಸುವುದನ್ನೇ ನಿಲ್ಲಿಸಿದರು. ಬಿತ್ತಿದವರು ಕಿತ್ತುಹಾಕಿದ ಕಳೆಯನ್ನು ಇಲ್ಲಿಯ ಕಾಲೇಜುಗಳು ಇನ್ನೂ ನೀರೆರೆದು ಸಾಕುತ್ತಿರುವುದು ಸೋಜಿಗ. ಫಲಿತಾಂಶದ ಮಾರನೆಯ ದಿನ ವೃತ್ತಪತ್ರಿಕೆಗಳಲ್ಲಿ ಬರುವ ಭಾವಚಿತ್ರಗಳ ಜಾಹೀರಾತುಗಳನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾದುದಿಲ್ಲ.

ಇನ್ನು ಪಾಠದ ವಿಷಯ. ಪರೀಕ್ಷೆಯನ್ನು ಪಾಠದಿಂದ ಬೇರ್ಪಡಿಸಿ ತಿದ್ದಲಾಗದು. ಪಾಠಶಾಲೆಯಲ್ಲಿ ಓದಿದ ಹಿರಿಯರಿಗೆಲ್ಲ ಪಾಠ ಒಪ್ಪಿಸುವ ಪದ್ಧತಿಯು ನೆನಪಿರುವುದು. ನಿನ್ನೆಯ ಪಾಠವನ್ನು ಪುಸ್ತಕ ಮುಚ್ಚಿ ಒಪ್ಪಿಸದವನಿಗೆ ಇಂದಿನ ಪಾಠವಿಲ್ಲ. ಇದನ್ನು ಗಿಳಿಪಾಠವೆಂದು ಹಳಿದು ಕಾಲೇಜುಗಳು ಕೈಬಿಟ್ಟವು. ಅರ್ಥವನ್ನು ಕೇಳದೆ ಒಪ್ಪಿಸಿಕೊಂಡಲ್ಲಿ ಅದು ಗಿಳಿಪಾಠವೇ ಹೌದು. ಆದರೆ ಅದರ ಒಳಗೆ ಒಂದು ಸತ್ಯವಿದ್ದಿತು. ೨೦೦೬ರಲ್ಲಿ ಅಮೇರಿಕೆಯ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜಿನ ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಓದಲು ಕೊಟ್ಟರು. ಕೆಲವರು ಅದನ್ನು ಎರಡನೆಯ ಸಲವೂ ಓದಿದರು. ಕೆಲವರು ಎರಡನೆಯ ಸಲ ಓದದೆ, ನೆನಪಿನಿಂದ ಬರೆದು ಒಪ್ಪಿಸಿದರು. ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಓದಿದವರದೇ ಮೇಲುಗೈ: ಅವರಿಗೆ ನೂರಕ್ಕೆ ೮೧, ಒಪ್ಪಿಸಿದವರಿಗೆ ೭೫. ಒಂದು ವಾರ ಬಿಟ್ಟು ಕೇಳಿದಾಗ ತಕ್ಕಡಿಯು ತಿರುಗಿತು: ಮತ್ತೆ ಓದಿದವರಲ್ಲಿ ಉಳಿದುದು ೪೨, ಒಪ್ಪಿಸಿದವರಲ್ಲಿ ೫೬. ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣಿಗೆ ನಿದ್ದೆಯಿಲ್ಲದೆ ಓದಿ ಮರುದಿನ ಬರೆದು ಆ ಮೇಲೆ ಮರೆಯುವ ವಿದ್ಯಾರ್ಥಿಯ ಕಥೆಯೆಲ್ಲವೂ ಈ ನಾಲ್ಕು ಅಂಕಿಗಳಲ್ಲಿ ಅಡಗಿದೆ. ಕೇಳುವುದೆಂಬುದು ಅಳೆಯುವ ಕೋಲು ಮಾತ್ರವಲ್ಲ, ಅದು ಕಲಿಸುವ ಕ್ರಿಯೆಯೂ ಹೌದು. ಹಾಗಿದ್ದ ಮೇಲೆ ಅದನ್ನು ವರ್ಷದ ಕಡೆಗೆ ನೂಕಿ, ಒಂದೇ ಬಾರಿಗೆ ಬಳಸುವುದು ಔಷಧವನ್ನೆಲ್ಲ ಒಂದೇ ದಿನ ಕುಡಿಸಿದಂತಾಗುವುದು.

ಹಾರ್ವರ್ಡ್ ವಿಶ್ವವಿದ್ಯಾನಿಲಯದ ಎರಿಕ್ ಮಜೂರ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರಿಗೆ ೧೯೯೦ರ ಸುಮಾರಿನಲ್ಲಿ ಒಂದು ವಿಚಿತ್ರವು ಕಂಡುಬಂದಿತು. ಅವರ ಉಪನ್ಯಾಸಗಳನ್ನು ವಿದ್ಯಾರ್ಥಿಗಳು ಬಹಳವಾಗಿ ಮೆಚ್ಚುತ್ತಿದ್ದರು. ಕಠಿಣವಾದ ಲೆಕ್ಕಗಳನ್ನೂ ಬಿಡಿಸುತ್ತಿದ್ದರು. ಆದರೆ ಬಲದ ಸ್ವರೂಪವನ್ನು ಕುರಿತ ಸರಳವಾದ ಪ್ರಶ್ನೆಗಳನ್ನು ಕೇಳಿದಾಗ ತಬ್ಬಿಬ್ಬಾದರು. ಒಬ್ಬ ವಿದ್ಯಾರ್ಥಿನಿಯಂತೂ, ಉತ್ತರವನ್ನು ತರಗತಿಯಲ್ಲಿ ಹೇಳಿಕೊಟ್ಟಂತೆ ಬರೆಯಬೇಕೋ ತಾನು ಲೋಕವನ್ನು ಕಂಡಂತೆ ಬರೆಯಬೇಕೋ ಎಂದು ವಿಚಾರಿಸಿದಳಂತೆ! ಕಲಿತ ವಿದ್ಯೆಯೂ ನಂಬಿದ ಲೋಕವೂ ಬೇರೆಬೇರೆಯಾಗಿ ಉಳಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಅಂದಿನಿಂದ ಅವರು ಗಂಟೆಗಟ್ಟಲೆ ಮಾತನಾಡುವುದನ್ನು ಬಿಟ್ಟರು. ಸ್ವಲ್ಪ ಹೊತ್ತು ವಿಷಯವನ್ನು ಹೇಳುವರು; ಒಂದು ಪ್ರಶ್ನೆಯನ್ನು ಇಡುವರು; ಪ್ರತಿಯೊಬ್ಬನೂ ತನ್ನಷ್ಟಕ್ಕೆ ಉತ್ತರವನ್ನು ಗೊತ್ತುಮಾಡಿಕೊಳ್ಳಬೇಕು; ಬಳಿಕ ಪಕ್ಕದವನೊಡನೆ ವಾದಿಸಬೇಕು; ಮತ್ತೆ ಉತ್ತರ ಹೇಳಬೇಕು. ಎರಡನೆಯ ಉತ್ತರವು ಬಹುಮಟ್ಟಿಗೆ ಮೊದಲನೆಯದಕ್ಕಿಂತ ಸರಿಯಾಗಿರುವುದು ಕಂಡುಬಂದಿತು. ಸಹಪಾಠಿಯೂ ಒಂದು ಪಾಲು ಗುರುವೆಂಬುದನ್ನು ಚಿಂತನಗೋಷ್ಠಿಗಳಲ್ಲಿ ಕುಳಿತ ಪಾಠಶಾಲೆಯ ವಿದ್ಯಾರ್ಥಿಗಳಿಗೆ ಹೇಳಿಕೊಡಬೇಕಾಗಿಲ್ಲ. ಇದಕ್ಕೆ ಯಂತ್ರಗಳೂ ಬೇಡ, ಹಣವೂ ಬೇಡ. ಟಿಪ್ಪಣಿಗಳನ್ನು ಬರೆಯಿಸುವುದನ್ನು ನಿಲ್ಲಿಸುವ ಧೈರ್ಯವೊಂದು ಬೇಕು.

ಅಂಕಗಳನ್ನು ಕುರಿತು ಇನ್ನೊಂದು ಸಂಗತಿ. ೧೯೮೮ರಲ್ಲಿ ರೂತ್ ಬಟ್ಲರ್ ಎಂಬ ವಿದುಷಿಯು ಇಸ್ರೇಲ್ ದೇಶದ ಶಾಲೆಯ ಮಕ್ಕಳಲ್ಲಿ ಒಂದು ಪ್ರಯೋಗವನ್ನು ನಡೆಸಿದಳು. ಕೆಲವರಿಗೆ ಅಂಕವನ್ನು ಮಾತ್ರ, ಕೆಲವರಿಗೆ ತಪ್ಪುಒಪ್ಪುಗಳನ್ನು ಸೂಚಿಸುವ ಮಾತುಗಳನ್ನು ಮಾತ್ರ, ಕೆಲವರಿಗೆ ಎರಡನ್ನೂ ಕೊಟ್ಟಳು. ಮಾತುಗಳನ್ನು ಮಾತ್ರ ಪಡೆದವರು ಮುಂದಿನ ಕೆಲಸದಲ್ಲಿ ಏರಿದರು; ಎರಡನ್ನೂ ಪಡೆದವರು ಅಂಕವನ್ನು ಮಾತ್ರ ಪಡೆದವರಂತೆಯೇ ನಿಂತರು. ಅಂಕವನ್ನು ಕಂಡ ಕಣ್ಣು ಪಕ್ಕದ ಮಾತನ್ನು ಓದುವುದೇ ಇಲ್ಲ. ಇದು ಮಕ್ಕಳ ವಿಷಯವಾದರೂ, ಕಾಲೇಜಿನ ತರುಣರು ಈ ಬಗೆಯಲ್ಲಿ ಮಕ್ಕಳಿಗಿಂತ ಪ್ರೌಢರೆಂದು ಹೇಳುವುದು ಕಷ್ಟ. ಅವರಿಗಾದರೋ ವರ್ಷಾಂತ್ಯದ ಉತ್ತರಪತ್ರಿಕೆಯು ಕಣ್ಣಿಗೇ ಬೀಳುವುದಿಲ್ಲ. ಸೋತವನಿಗೆ ಎಲ್ಲಿ ಎಡವಿದೆನೆಂಬುದು ತಿಳಿಯದೆ, ಮತ್ತೆ ಅದೇ ಕಲ್ಲನ್ನು ಎಡವುವನು. ೨೦೦೫ರ ಮಾಹಿತಿಹಕ್ಕಿನ ಕಾಯಿದೆಯ ಮೇರೆಗೆ, ತಿದ್ದಿದ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷಾರ್ಥಿಗೆ ಉಂಟೆಂದು ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ. ಗುರುವು ಕರೆದು ತೋರಿಸಬೇಕಾದುದನ್ನು ಶಿಷ್ಯನು ಕಾಯಿದೆಯನ್ನು ಹಿಡಿದು ಕೇಳಬೇಕಾದ ಸ್ಥಿತಿಯು ಗುರುಪೀಠಕ್ಕೆ ಭೂಷಣವಲ್ಲ. ಆದರೂ ಹಕ್ಕು ಇರುವುದನ್ನು ಪ್ರಸಾದನಿಲಯದ ಪ್ರತಿಯೊಬ್ಬ ವಿದ್ಯಾರ್ಥಿಗೂ ತಿಳಿಸಿಡುವುದು ಅವಶ್ಯ.

ಯೋಜನೆಗಳ ಬದಲಾವಣೆಗೇನೂ ಕೊರತೆಯಿಲ್ಲ. ವರ್ಷದ ಪರೀಕ್ಷೆಯು ಆರು ತಿಂಗಳಿನದಾಯಿತು. ೨೦೧೫ರಿಂದೀಚೆಗೆ ಐಚ್ಛಿಕ ವಿಷಯಗಳ ಕ್ರೆಡಿಟ್ ಪದ್ಧತಿಯು ದೇಶದಲ್ಲೆಲ್ಲ ಹರಡಿತು. ೨೦೨೦ರ ರಾಷ್ಟ್ರೀಯ ಶಿಕ್ಷಣನೀತಿಯಂತೆ ಕರ್ನಾಟಕದಲ್ಲಿ ೨೦೨೧ರಲ್ಲಿ ನಾಲ್ಕು ವರ್ಷದ ಪದವಿಯು ಬಂದು, ೨೦೨೪ರಲ್ಲಿ ಮತ್ತೆ ಮೂರು ವರ್ಷದ್ದಕ್ಕೆ ಹಿಂದಿರುಗಿತು. ಪಾತ್ರೆಯ ಆಕಾರವು ಬದಲಾದಂತೆ ಒಳಗಿನ ಅಂಬಲಿಯು ಬದಲಾಗಲಿಲ್ಲ. ಆಂತರಿಕ ಅಂಕಗಳೆಂಬುವು ಕಲಿಸಿದವನ ಕೈಗೆ ಅಳತೆಯ ಒಂದು ಪಾಲನ್ನು ಮರಳಿಸಿದ ಒಳ್ಳೆಯ ಏರ್ಪಾಡು. ಆದರೆ ಅನೇಕ ಕಡೆಗಳಲ್ಲಿ ಅವು ಎಲ್ಲರಿಗೂ ಸಮನಾಗಿ ಹಂಚುವ ಪ್ರಸಾದದಂತಾಗಿವೆ. ಪ್ರಸಾದವನ್ನು ಸಮನಾಗಿ ಹಂಚುವುದು ಧರ್ಮ, ಅಂಕವನ್ನು ಹಾಗೆ ಹಂಚುವುದು ದುಡಿದವನಿಗೆ ಮಾಡುವ ಅನ್ಯಾಯ.

ಹಾಗಾದರೆ ಮಾಡತಕ್ಕದ್ದೇನು? ದೊಡ್ಡ ದೊಡ್ಡ ಆಯೋಗಗಳನ್ನು ಕಾಯಬೇಕಾದುದಿಲ್ಲ. ಪ್ರಶ್ನೆಯನ್ನು ಬರೆದವನು ಅದೇ ದಿನ ಅದರ ಉತ್ತರವನ್ನೂ ಬರೆದು, ಯಾವ ಯಾವ ಅಂಶಕ್ಕೆ ಎಷ್ಟೆಷ್ಟು ಅಂಕವೆಂದು ಗೊತ್ತುಮಾಡಲಿ. ಉತ್ತರವನ್ನು ಬರೆಯಲು ಕುಳಿತಾಗಲೇ ಎಷ್ಟೋ ಪ್ರಶ್ನೆಗಳ ಟೊಳ್ಳು ತಿಳಿದುಬಿಡುವುದು. ಉತ್ತೀರ್ಣತೆಯ ಗಡಿಯಲ್ಲಿ ನಿಂತ ಪತ್ರಿಕೆಗಳನ್ನಾದರೂ ಮೊದಲಿನ ಅಂಕವನ್ನು ಕಾಣದ ಎರಡನೆಯವನೊಬ್ಬನು ಓದಲಿ. ಹಾರ್ಟಾಗರ ಲೆಕ್ಕವನ್ನು ಕಂಡ ಮೇಲೆ ಇಷ್ಟನ್ನೂ ಮಾಡದಿರುವುದು ನಿಷ್ಕರುಣೆ. ಒಬ್ಬ ಪರೀಕ್ಷಕನ ಮುಂದೆ ದಿನಕ್ಕೆ ಇಷ್ಟೇ ಪತ್ರಿಕೆಗಳೆಂಬ ಮಿತಿಯನ್ನು ಕಾಗದದ ಮೇಲೆ ಮಾತ್ರವಲ್ಲದೆ ನಿಜವಾಗಿಯೂ ಪಾಲಿಸಲಿ, ಏಕೆಂದರೆ ಬೆಳಗಿನ ಮೊದಲನೆಯ ಪತ್ರಿಕೆಯನ್ನು ಓದಿದ ಕಣ್ಣೂ ಸಂಜೆಯ ಕಡೆಯ ಪತ್ರಿಕೆಯನ್ನು ಓದುವ ಕಣ್ಣೂ ಒಂದೇ ಅಲ್ಲ. ಲಕ್ಷಣಗಳನ್ನು ಬರೆಯಿರಿ, ಭೇದಗಳನ್ನು ಬರೆಯಿರಿ ಎನ್ನುವ ಪ್ರಶ್ನೆಗಳ ಬದಲು, ಕಾಣದ ಒಂದು ಪದ್ಯವನ್ನೋ ಒಂದು ಊರಿನ ಜಮಾಖರ್ಚನ್ನೋ ಒಂದು ಬಾವಿಯ ನೀರಿನ ಪರೀಕ್ಷೆಯನ್ನೋ ಕೊಟ್ಟು ವಿಚಾರಮಾಡಿಸಲಿ. ಅಂಥ ಪರೀಕ್ಷೆಯಲ್ಲಿ ಪುಸ್ತಕವನ್ನು ತೆರೆದಿಟ್ಟರೂ ಬಾಧಕವಿಲ್ಲ, ನಕಲು ಮಾಡುವವನಿಗೆ ಅಲ್ಲಿ ಕದಿಯಲು ಸಿದ್ಧವಸ್ತುವೇ ಇರುವುದಿಲ್ಲ. ಇದಕ್ಕೆಲ್ಲ ಅಧ್ಯಾಪಕರಿಗೆ ಹೊತ್ತು ಬೇಕು. ಖಾಯಂ ಹುದ್ದೆಯಿಲ್ಲದೆ ವರ್ಷವರ್ಷವೂ ನೇಮಕವನ್ನು ಕಾದು, ಎರಡು ಮೂರು ಕಾಲೇಜುಗಳಿಗೆ ಓಡಾಡುವ ಅತಿಥಿ ಉಪನ್ಯಾಸಕನಿಗೆ ಉತ್ತರಪತ್ರಿಕೆಯ ಅಂಚಿನಲ್ಲಿ ನಾಲ್ಕು ಮಾತು ಬರೆಯೆಂದು ಉಪದೇಶಿಸುವವರು ಅವನ ಸಂಬಳದ ವಿಷಯವನ್ನೂ ಸ್ವಲ್ಪ ಎತ್ತುವುದು ನ್ಯಾಯ.

ಕಾಲೇಜುಗಳನ್ನು ನಡೆಸುವ ಮಠಗಳಿಗೆ ಈ ಕಾರ್ಯಗಳಲ್ಲಿ ಕೆಲವನ್ನು ತಾವೇ ಮಾಡುವ ಅಧಿಕಾರವುಂಟು. ಕಾಲೇಜಿಲ್ಲದ ಮಠಗಳಿಗೂ ಒಂದು ಕಾರ್ಯವು ಸಾಧ್ಯ. ಪ್ರಸಾದನಿಲಯದಲ್ಲಿ ಸಾಯಂಕಾಲದ ಪೂಜೆಯೂ ಪ್ರಸಾದವೂ ಮುಗಿದ ಮೇಲೆ ಮುಕ್ಕಾಲು ಗಂಟೆಯನ್ನು ಒಪ್ಪಿಸುವ ಹೊತ್ತೆಂದು ಇಡಬಹುದು. ಹಿರಿಯ ತರಗತಿಯವನೊಬ್ಬನ ಮುಂದೆ ಕಿರಿಯರು ನಾಲ್ಕೈದು ಮಂದಿ ಕುಳಿತು, ಅಂದು ಕೇಳಿದ ಪಾಠವನ್ನು ಪುಸ್ತಕ ಮುಚ್ಚಿ ತಮ್ಮ ಮಾತಿನಲ್ಲಿ ಹೇಳಬೇಕು. ಇಂಗ್ಲಿಷಿನಲ್ಲಿ ಕೇಳಿದುದನ್ನು ಕನ್ನಡದಲ್ಲಿ ಹೇಳಿದರೆ ಮತ್ತೂ ಲೇಸು, ಅರ್ಥವಾಗದುದನ್ನು ಅನುವಾದಿಸಲು ಯಾರಿಂದಲೂ ಆಗದು. ಅದಕ್ಕೆ ಅಂಕವಿಲ್ಲ, ಪಟ್ಟಿಯಿಲ್ಲ. ಹೇಳಲಾರದೆ ನಿಂತವನಿಗೆ ಮರುದಿನ ತರಗತಿಯಲ್ಲಿ ಏನನ್ನು ಕೇಳಬೇಕೆಂಬುದು ಗೊತ್ತಾಗಿರುವುದು.